ಸೇತುವೆಯ ಮೇಲೆ ಒಂದು ಬ್ರೆಡ್ ವ್ಯಾನು

ಒಂಬತ್ತು ವರ್ಷದಿಂದ ಕಾನೂನು ಕಾಲೇಜಿನಲ್ಲಿ ಯುದ್ಧದ ಕಾನೂನು ಕಲಿಸುತ್ತಿದ್ದೇನೆ. ಹಲಗೆಯ ಮೇಲೆ ಬರೆಯುವ ಪ್ರಶ್ನೆ ಮಾತ್ರ ಅದೇ: ಒಂದು ಸೇತುವೆ, ದಾಟುತ್ತಿರುವ ಇಪ್ಪತ್ತು ಮಿಲಿಟರಿ ಲಾರಿ, ನಡುವೆ ಸಿಕ್ಕಿಕೊಂಡ ಒಂದು ಬ್ರೆಡ್ ವ್ಯಾನು. ಬಾಂಬ್ ಹಾಕಬಹುದೇ? ನಾನು ಕೆಲಸಕ್ಕೆ ಸೇರಿದ ವರ್ಷವೇ ನನ್ನ ತಮ್ಮ ಬೇಕರಿಯ ವ್ಯಾನು ಓಡಿಸಲು ಶುರು ಮಾಡಿದ್ದ. ಕಾಲೆಳೆಯೋಣವೆಂದು ಅವನ ವ್ಯಾನನ್ನು ಪಾಠದೊಳಗೆ ತಂದಿದ್ದೆ.

ಈಗ ಯುದ್ಧ ನಮ್ಮ ನದಿಯ ತನಕ ಬಂದಿದೆ. ತಮ್ಮ ದಿನಾ ಬೆಳಿಗ್ಗೆ ಆ ನದಿ ದಾಟುತ್ತಾನೆ. ಇವತ್ತು ಏಳು ಗಂಟೆಯಿಂದ ಅವನು ಫೋನ್ ಎತ್ತಿಲ್ಲ. ತರಗತಿಯಲ್ಲಿ ಫೋನ್ ಆಫ್ ಮಾಡಿಡಬೇಕೆಂದು ಕಟ್ಟುನಿಟ್ಟು ಮಾಡಿದವಳು ನಾನೇ. ನನ್ನ ಫೋನೇ ಹಾಜರಿ ಪುಸ್ತಕದ ಕೆಳಗೆ ಚಾಲೂ ಇತ್ತು. ಕೂರಲಾಗದೆ, ನಿಲ್ಲಲಾಗದೆ ಹಲಗೆಯನ್ನು ಎರಡೆರಡು ಸಲ ಒರೆಸಿದೆ. ಬೇರೇನೂ ತೋಚದೆ ಅದೇ ಪ್ರಶ್ನೆ ಬರೆದೆ. ನನ್ನ ಬುದ್ಧಿಗಿಷ್ಟು.

ಮುಂದಿನ ಬೆಂಚಿನ ಹುಡುಗಿ ಎದ್ದಳು. ಅರಳು ಹುರಿದಂತೆ ಮಾತಾಡುವ ಅವಳಿಗೆ ಎಲ್ಲರೂ ಪಟಾಕಿ ಎನ್ನುತ್ತಾರೆ.

“ಹಾಕ್ಬಹುದು ಮೇಡಂ. ಸೇನೆಗೆ ಸಿಗೋ ಲಾಭಕ್ಕೆ ಹೋಲಿಸಿದ್ರೆ ಜನರಿಗಾಗೋ ಹಾನಿ ಅತಿಯಾಗ್ಬಾರ್ದು ಅನ್ನೋದು ನಿಯಮ. ಇಪ್ಪತ್ತು ಲಾರಿ ಎದುರು ಒಂದು ವ್ಯಾನು ಅತಿ ಅಲ್ಲ.”

“ಒಂದಲ್ಲ. ಒಬ್ಬ,” ಎಂದು ಗದರಿದೆ.

“ಹಲಗೆ ಮೇಲೆ ಒಂದು ಅಂತಾನೇ ಇದೆಯಲ್ಲ ಮೇಡಂ?”

ಇತ್ತು. ಒಂಬತ್ತು ವರ್ಷ ನಾನೇ ಕೈಯಾರೆ ಬರೆದದ್ದು. ಅದರಲ್ಲಿ ಡ್ರೈವರ್ ಇರಲೇ ಇಲ್ಲ. ನಾಚಿಕೆಯಾಯಿತು.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಎಲ್ಲರೆದುರೇ ಎತ್ತಿದೆ.

“ಅಕ್ಕಾ, ಸೇತುವೆ ಮೇಲೆ ಸಿಕ್ಕಾಕೊಂಡಿದೀನಿ ಕಣೇ. ಹಿಂದೆ ಮುಂದೆ ಬರೀ ಮಿಲಿಟರಿ ಲಾರಿ. ಥೇಟ್ ನಿನ್ನ ಪಾಠ!” ನಗುತ್ತಿದ್ದ, ಪುಣ್ಯಾತ್ಮ.

“ವ್ಯಾನ್ ಬಿಟ್ಟು ಓಡೋ!”

“ಬ್ರೆಡ್ಡು?”

“ಬೆಂಕಿ ಬೀಳ್ಲಿ ನಿನ್ನ ಬ್ರೆಡ್ಡಿಗೆ! ಓಡು ಅಂದೆ!”

ವ್ಯಾನಿನ ಬಾಗಿಲು ಬಡಿದ ಸದ್ದು. ಆಮೇಲೆ ಬರೀ ಏದುಸಿರು. ಪಟಾಕಿ ಸದ್ದಿಲ್ಲದೆ ಬಂದು, ‘ಒಂದು ಬ್ರೆಡ್ ವ್ಯಾನು’ ಎಂಬುದರ ಪಕ್ಕ ‘ಒಬ್ಬ ಡ್ರೈವರ್’ ಎಂದು ಬರೆದಳು.

“ದಾಟ್ದೆ ಅಕ್ಕಾ,” ಎಂದ ತಮ್ಮ. “ಹಾಲಿನ ವ್ಯಾನಿನವ್ನು ಮಾತ್ರ ಇನ್ನೂ ಅಲ್ಲೇ ಕೂತಿದಾನೆ.”

ಹೋದ ಜೀವ ಬಂದಂತಾಯಿತು. ಹಾಲಿನವನ ಮಾತು ಕಿವಿಗೆ ಬಿದ್ದದ್ದು ಆಮೇಲೆ.

“ಕೂಗೋ ಅವನನ್ನ!”

“ಏನಂತ ಕೂಗ್ಲಿ ಅಕ್ಕಾ? ದಿನಾ ನೋಡ್ತೀನಿ, ಹೆಸರೇ ಕೇಳಿಲ್ಲ.”