ಸಂದರ್ಶನದ ಕುರ್ಚಿಗಳು

"ತೊಗಲು ಹದ ಮಾಡೋರು ಅಂದ್ರೆ... ಆ ನದಿ ದಂಡೆಯವರಾ?" ಎಂದು ಕೇಳಿದ ಹೆಡ್‌ಮಾಸ್ಟರು ತಮ್ಮ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು.

"ಹೌದು, ಅಲ್ಲಿಯವರೇ," ಎಂದ ನನ್ನ ಗಂಡ ತೊಕುಜಿ. ಬಗ್ಗಿಸಿದ ತಲೆ ಎತ್ತಲಿಲ್ಲ.

ಹಿಮೇಜಿ ಪಟ್ಟಣದ ಆ ಖಾಸಗಿ ಶಾಲೆಯಲ್ಲಿ ಮಗುವಿಗಿಂತ ಮೊದಲು ಅಪ್ಪ ಅಮ್ಮನಿಗೆ ಪರೀಕ್ಷೆ. ತಾಯಂದಿರೆಲ್ಲ ಕಡುನೀಲಿ ಸೂಟಿನಲ್ಲೇ ಬರುತ್ತಾರೆಂದು ಯಾರೋ ಹೇಳಿದ್ದರಿಂದ ನಾನೂ ಒಂದನ್ನು ಬಾಡಿಗೆಗೆ ತಂದಿದ್ದೆ. ಕಂಕುಳಲ್ಲಿ ಬಿಗಿಯುತ್ತಿತ್ತು.

ಆ ಶಾಲೆಯ ಪಿಯಾನೋ, ಈಜುಕೊಳ ನಮಗೆ ಬೇಕಿರಲಿಲ್ಲ. ದೊಡ್ಡವನು ಯೂಸಾಕು ಕೇರಿಯ ಪಕ್ಕದ ಸರ್ಕಾರಿ ಶಾಲೆಗೆ ಹೋದ. ನಾಲ್ಕು ಕಾಲಿನ ಪ್ರಾಣಿ ಸುಲಿಯುವವರ ಮಗನೆಂದು ಹುಡುಗರು ಅವನಿಗೆ ನಾಲ್ಕು ಬೆರಳು ತೋರಿಸುತ್ತಿದ್ದರು, ಮೇಷ್ಟರು ನಗುತ್ತಿದ್ದರು. ಅವನು ಶಾಲೆ ಬಿಟ್ಟು ಅಪ್ಪನ ಜೊತೆ ತೊಗಲು ನೆನೆಸುವ ಸುಣ್ಣದ ತೊಟ್ಟಿಗೆ ಇಳಿದ. ಕಿರಿಯವಳು ಚಿಜುವನ್ನಾದರೂ ದೂರದ ಶಾಲೆಗೆ ಹಾಕಿದರೆ ಕೇರಿ ಯಾವುದೆಂದು ಕೇಳುವವರಿರುವುದಿಲ್ಲ ಎಂದುಕೊಂಡಿದ್ದೆವು. ಮೊದಲ ಪ್ರಶ್ನೆಯೇ ಅದಾಯಿತು.

"ನಮ್ಮಲ್ಲಿ ಭೇದಭಾವ ಇಲ್ಲ," ಎಂದರು ಹೆಡ್‌ಮಾಸ್ಟರು, ಬಲು ಮೆತ್ತಗೆ. "ಆದ್ರೆ ಇಲ್ಲಿರೋ ಮಕ್ಕಳ ಮನೆತನ ಬೇರೆ. ಪಾಪ, ನಿಮ್ಮ ಮಗೂಗೇ ಮುಜುಗರ. ನಿಮ್ಮ ಕಡೆ ಸರ್ಕಾರಿ ಶಾಲೆ ಇದೆಯಲ್ಲ, ಅಲ್ಲೇ ಅವಳಿಗೆ ಹಿತ."

ಚಿಜುವಿನ ಹೆಸರನ್ನೂ ಅವರು ಕೇಳಲಿಲ್ಲ. ನಾವು ಮೂವರೂ ನಮಸ್ಕರಿಸಿ ಎದ್ದೆವು.

ಹೊಸ್ತಿಲು ದಾಟಿ ತಿರುಗಿ ನೋಡಿದರೆ ಆಯಾ ಒದ್ದೆ ಬಟ್ಟೆ ಹಿಡಿದು ನಾವು ಕೂತಿದ್ದ ಮೂರೂ ಕುರ್ಚಿಗಳನ್ನು ಉಜ್ಜುತ್ತಿದ್ದಳು. ನಮಗಿಂತ ಮುಂಚೆ ಕೂತವರು ಎದ್ದು ಹೋದಾಗ ಅವಳು ಬಟ್ಟೆ ಮುಟ್ಟಿರಲಿಲ್ಲ, ಹಜಾರದಿಂದ ನೋಡಿದ್ದೆ.

"ನಡಿಯೇ ಶಿನೊ," ಎಂದ ತೊಕುಜಿ.

"ಎಲ್ಲಿಗ್ ನಡೀಲಿ? ಅಲ್ನೋಡು, ನಮ್ ಕುಂಡೆ ಗುರ್ತು ಅಳಿಸ್ತಾವ್ಳೆ."

"ರಗಳೆ ಬ್ಯಾಡ, ಜನ ನೋಡ್ತಾವ್ರೆ."

"ನೋಡ್ಲಿ ಬೋಳಿಮಕ್ಳು."

ಹಜಾರದ ಸಾಲು ಕುರ್ಚಿಗಳಲ್ಲಿ ನೀಲಿ ಸೂಟಿನ ತಾಯಂದಿರು ಎಲ್ಲ ಕೇಳಿಸಿಕೊಳ್ಳುತ್ತ ಸರದಿ ಕಾಯುತ್ತಿದ್ದರು. ಖಾಲಿ ಇದ್ದ ಒಂದರಲ್ಲಿ ಕೂತೆ. ಪಕ್ಕದವಳು ಎದ್ದಳು. ಅವಳದರಲ್ಲಿ ಕೂತೆ. ಅದರಾಚೆಯವಳೂ ಎದ್ದಳು. ಚಿಜುವಿಗೆ ಇದು ಆಟವಾಗಿ ಕಂಡಿತು. ನಾನು ಬಿಟ್ಟ ಕುರ್ಚಿಗಳ ಮೇಲೆಲ್ಲ ಹಾರಿ ಹಾರಿ ಕೂತಳು. ಸಾಲು ಮುಗಿಯುವ ಹೊತ್ತಿಗೆ ಆ ಹೆಂಗಸರೆಲ್ಲ ಗೋಡೆಗೆ ಅಂಟಿ ನಿಂತಿದ್ದರು.

ಗದ್ದಲ ಕೇಳಿ ಹೆಡ್‌ಮಾಸ್ಟರು ಬಾಗಿಲಿಗೆ ಬಂದಿದ್ದರು. ಅವರ ಪಕ್ಕದಿಂದಲೇ ಒಳಗೆ ಹೋಗಿ ಅವರ ಕುರ್ಚಿಯಲ್ಲಿ ಕೂತೆ. ತೊಗಲಿನದು. ಇನ್ನೂ ಬೆಚ್ಚಗಿತ್ತು.

"ಪೊಲೀಸರನ್ನ ಕರೀಬೇಕಾಗುತ್ತೆ," ಎಂದರು. ಈಗ ದನಿ ಮೆತ್ತಗಿರಲಿಲ್ಲ.

"ಕರ್ಸಿ ಸ್ವಾಮಿ. ಅವ್ರೂ ನಿಂತ್ಕಂಡೇ ಮಾತಾಡ್ಲಿ. ಕುರ್ಚಿಗಳೆಲ್ಲ ಮೈಲಿಗೆ ಆಗವೆ."

ಆಯಾಳ ಕೈಯ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ತೊಕುಜಿ ಹೊಸ್ತಿಲಲ್ಲಿ ನಿಂತು ನನ್ನ ಮುಖ ನೋಡಿದ, ಹೆಡ್‌ಮಾಸ್ಟರ ಮುಖ ನೋಡಿದ. ಆಮೇಲೆ ಒಳಗೆ ಬಂದು, ಒದ್ದೆ ಕುರ್ಚಿಯೊಂದರಲ್ಲಿ ಕಾಲು ಚಾಚಿ ಕೂತು, ಚಿಜುವನ್ನು ತೊಡೆಯ ಮೇಲೆ ಎಳೆದುಕೊಂಡ.