ಏರಿನಲ್ಲಿ ಮಾತು ಬೇಡ

"ಮಾವ, ಒಂದು ವಿಷಯ ಹೇಳೋದಿತ್ತು," ಅಂದ ಅಳಿಯ, ಸೈಕಲ್ಲನ್ನು ಪಕ್ಕಕ್ಕೆ ತಂದು.

"ಏರಲ್ಲಿ ಎಂಥ ಮಾತಪ್ಪಾ? ನಿನಗೇನು, ಗೇರ್ ಇದೆ, ಉಯ್ಯಾಲೆ ಆಡಿದ ಹಾಗೆ ತುಳೀತೀಯ. ನಾನು ಒಂದು ಉಸಿರು ಮಾತಿಗೆ ಕೊಟ್ರೆ ಇಲ್ಲೇ ನಿಂತೆ," ಎನ್ನುತ್ತ ಬ್ರೇಕಪ್ಪ ಸೀಟಿನಿಂದ ಎದ್ದರು. ಮೈಭಾರವನ್ನೆಲ್ಲ ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುತ್ತ, ಹ್ಯಾಂಡಲ್ಲನ್ನು ಮೊಂಡು ಎಮ್ಮೆಯ ಕೊಂಬಿನ ಹಾಗೆ ಜಗ್ಗುತ್ತ, ನೋಡನೋಡುತ್ತಿದ್ದಂತೆ ಅಳಿಯನನ್ನು ಹಿಂದೆ ಹಾಕಿದರು.

ಅವರು ಹೇಳಿದ್ದು ನೆಪವೇನೂ ಅಲ್ಲ. ಗೇರಿಲ್ಲದ ಸೈಕಲ್ಲಿಗೆ ಏರಿನಲ್ಲಿ ನಿಧಾನ ಅನ್ನುವುದು ಇರುವುದಿಲ್ಲ. ವೇಗ ಇದ್ದರೆ ಹತ್ತುತ್ತದೆ, ವೇಗ ಸತ್ತರೆ ಪೆಡಲ್ಲು ಕಲ್ಲಾಗುತ್ತದೆ. ಆದ್ದರಿಂದ ಏರಿನಲ್ಲಿ ಅವರು ಮುಂದೆ. ಇಳಿಜಾರಿನಲ್ಲಿ, ಎಷ್ಟು ತುಳಿದರೂ ಅವರ ಕಾಲಿಗೆ ಬರೀ ಗಾಳಿ ಸಿಗುವಾಗ, ಅಳಿಯ ದೊಡ್ಡ ಗೇರು ಹಾಕಿ ಸುಯ್ಯೆಂದು ಮುಂದೆ. ಬೆಳಗಿನ ಜಾವ ಹೊರಟಾಗಿನಿಂದ ಇದೇ ಆಗಿತ್ತು. ಇನ್ನೂರು ಕಿಲೋಮೀಟರಿನ ಸವಾರಿ. ಯಾರನ್ನೂ ಸೋಲಿಸಬೇಕಾಗಿಲ್ಲ, ದಾರಿಯ ಟೆಂಟುಗಳಲ್ಲಿ ಕಾರ್ಡಿಗೆ ಮೊಹರು ಹಾಕಿಸಿಕೊಂಡು ಕತ್ತಲಾಗುವುದರೊಳಗೆ ಮುಟ್ಟಿದರೆ ಸಾಕು. ಮಾವ ಅಳಿಯ ಜೊತೆಯಾಗಿಯೇ ಹೊರಟರೂ ದಾರಿಯಲ್ಲಿ ಜೊತೆಗಿರುವುದು ಸಾಧ್ಯವಿರಲಿಲ್ಲ.

ಇವತ್ತು ಬ್ರೇಕಪ್ಪನಿಗೂ ಅದೇ ಬೇಕಾಗಿತ್ತು. ಕೆಲವು ದಿನಗಳಿಂದ ಅಳಿಯ ಯಾವುದೋ ಮಾತನ್ನು ಬಿಸಿ ತುತ್ತಿನ ಹಾಗೆ ಬಾಯಲ್ಲಿಟ್ಟುಕೊಂಡು ಓಡಾಡುತ್ತಿದ್ದ. ಊಟಕ್ಕೆ ಕೂತಾಗ ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಆಮೇಲೆ ನೀರು ಕುಡಿದು ಎದ್ದುಬಿಡುತ್ತಿದ್ದ. ಅದು ಒಳ್ಳೆಯ ಸುದ್ದಿಯಾಗಿದ್ದರೆ ಇಷ್ಟು ಹೊತ್ತಿಗೆ ಹೊರಗೆ ಬಿದ್ದಿರುತ್ತಿತ್ತು.

ಬಸ್ ಡಿಪೋದಲ್ಲಿ ಇಡೀ ಆಯುಷ್ಯ ಬ್ರೇಕ್ ರಿಪೇರಿ ಮಾಡಿದ್ದಕ್ಕೆ ಅವರಿಗೆ ಆ ಹೆಸರು ಅಂಟಿಕೊಂಡಿತ್ತು. ನಿವೃತ್ತಿಯ ದಿನ ಹಾರ ಹಾಕಿದ ಮ್ಯಾನೇಜರಿಗೂ ನಿಜವಾದ ಹೆಸರು ಥಟ್ಟನೆ ನೆನಪಾಗಿರಲಿಲ್ಲ. ಒಬ್ಬಳೇ ಮಗಳು. ಕಾಮಾಲೆ ಅಂತ ಆಸ್ಪತ್ರೆಗೆ ಸೇರಿದವಳು ಮನೆಗೆ ವಾಪಸು ಬರಲಿಲ್ಲ. ಅಳಿಯ ಮಗುವನ್ನು ಕರೆದುಕೊಂಡು ಮಾವನ ಮನೆಗೇ ಬಂದುಬಿಟ್ಟ. ಬಂದವನು ಮಂಚ ಹಿಡಿದ. ಅವನ ಕನ್ನಡಕದಂಗಡಿಯ ಬಾಗಿಲು ಮುಚ್ಚಿತು. ಗಡ್ಡ ಬೆಳೆಯಿತು. ಮಗು ಹೋಗಿ ತಟ್ಟಿದರೂ ಗೋಡೆಗೆ ಮುಖ ಹಾಕಿ, ಬೆನ್ನು ತೋರಿಸಿಕೊಂಡು ಮಲಗಿರುತ್ತಿದ್ದ.

ಒಂದು ಬೆಳಿಗ್ಗೆ ಬ್ರೇಕಪ್ಪ ಅವನ ರಟ್ಟೆ ಹಿಡಿದು ಎಬ್ಬಿಸಿದರು. "ಏಳಪ್ಪಾ. ಸಾಯೋದಿದ್ರೆ ರಸ್ತೆ ಮೇಲೆ ಸಾಯಿ. ನನ್ನ ಮನೆ ಮಂಚದ ಮೇಲೆ ಬೇಡ." ಮದುವೆಯಾದಂದಿನಿಂದ 'ನೀವು, ತಾವು' ಅನ್ನಿಸಿಕೊಳ್ಳುತ್ತಿದ್ದ ಅಳಿಯ ಆ ಬೆಳಿಗ್ಗೆ 'ನೀನು' ಆದ. ಪಕ್ಕದ ಮನೆಯವರ ಹಳೆಯ ಸೈಕಲ್ಲೊಂದನ್ನು ಕೇಳಿ ತಂದು ಅವನನ್ನು ಹತ್ತಿಸಿದರು. ಮೊದಲ ದಿನ ಕೆರೆಯ ಏರಿಯ ತನಕ, ಆಮೇಲೆ ಹೆದ್ದಾರಿಯ ತನಕ. ಮಾತಿಲ್ಲ ಕತೆಯಿಲ್ಲ, ಬರೀ ತುಳಿಯುವುದು. ಒಂದು ದಿನ ಅಳಿಯ ತಾನಾಗಿಯೇ ಎದ್ದು ಟೈರಿಗೆ ಗಾಳಿ ಹಾಕುತ್ತಿದ್ದುದನ್ನು ಕಂಡು ಬ್ರೇಕಪ್ಪ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದರು. ಅದಾದ ಮೇಲೆ ಕನ್ನಡಕದಂಗಡಿಯೂ ಮತ್ತೆ ತೆರೆಯಿತು.

ಮಧ್ಯಾಹ್ನದ ಟೆಂಟಿನಲ್ಲಿ ತಪ್ಪಿಸಿಕೊಳ್ಳಲು ಏರು ಇರಲಿಲ್ಲ. ಪ್ಲಾಸ್ಟಿಕ್ ಕುರ್ಚಿ, ಬಾಳೆಹಣ್ಣು, ಕಾಗದದ ಲೋಟದಲ್ಲಿ ಟೀ. ಅಳಿಯ ಎದುರಿಗೆ ಕೂತು ಬಾಳೆಹಣ್ಣಿನ ಸಿಪ್ಪೆಯನ್ನು ಸಣ್ಣಸಣ್ಣದಾಗಿ ಹರಿಯತೊಡಗಿದ.

"ಮಾವ, ನಮ್ಮಂಗಡಿ ಪಕ್ಕ ಔಷಧಿ ಅಂಗಡಿ ಇದೆಯಲ್ಲ..."

"ಹೂಂ."

"ಅಲ್ಲಿ ಕೂರ್ತಾರಲ್ಲ, ಅವರು. ನಾವಿಬ್ರೂ ಮದುವೆ ಆಗೋಣ ಅಂತ."

ಬ್ರೇಕಪ್ಪ ಟೀ ಊದಿದರು. ಅದು ಆಗಲೇ ಆರಿತ್ತು.

"ಅವಳಿಗೆ ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಆಗಿದೆ. ನಾನೂ ಅಲ್ಲೇ ಅಂಗಡಿಗೆ ಒಂದು ಜಾಗ ನೋಡಿದೀನಿ. ಪುಟ್ಟಿಗೆ ಶಾಲೇನೂ ಹತ್ತಿರ. ರಜಕ್ಕೆಲ್ಲ ಇಲ್ಲಿಗೇ ಕಳಿಸ್ತೀನಿ ಮಾವ, ನೀವು ಯಾವಾಗ ಬೇಕಾದ್ರೂ..."

"ನಿಮ್ಮ ಅತ್ತೆಗೆ ಹೇಳಿದೀರಾ?"

ಅಳಿಯನ ಕೈ ನಿಂತಿತು. ಆ 'ನಿಮ್ಮ', ಆ 'ಹೇಳಿದೀರಾ' ಅವನಿಗೆ ಸರಿಯಾಗಿಯೇ ತಾಗಿತು. ತಲೆ ತಗ್ಗಿಸಿ, "ಅತ್ತೆಗೆ ಗೊತ್ತು," ಅಂದ.

ಬ್ರೇಕಪ್ಪ ಟೆಂಟಿನ ಹಿಂದಕ್ಕೆ ಹೋಗಿ ಹೆಂಡತಿಗೆ ಫೋನು ಮಾಡಿದರು.

"ರೀ, ಊಟ ಮಾಡಿದ್ರಾ? ಕಾಲು ನೋವಿಲ್ಲ ತಾನೇ?"

"ಯಾವಾಗಿಂದ ಗೊತ್ತು ನಿನಗೆ?"

ಆಚೆ ಕಡೆ ಕುಕ್ಕರಿನ ಸದ್ದು ಕೇಳಿತು. ಹೆಂಡತಿ ಒಲೆ ಆರಿಸಿದಳು. "ಹೇಳಿದ್ನಾ?" ಅಂದಳು. ಆಮೇಲೆ, "ನಾನೇ ಹೂಂ ಅಂದೆ ಕಣ್ರೀ. ಹುಡುಗಿ ಒಳ್ಳೆಯವಳು. ನೀವು ಸೈಕಲ್ ಹತ್ಕೊಂಡು ಹೋದ ಭಾನುವಾರಗಳಲ್ಲಿ ಮನೆಗೂ ಬಂದಿದಾಳೆ. ಪುಟ್ಟಿ ಅವಳ ಕೈಲಿ ತಲೆ ಬಾಚಿಸ್ಕೊಳ್ತಾಳೆ. ನನ್ನ ಕೈಲಿ ಬಾಚಿಸ್ಕೊಳ್ಳಲ್ಲ."

"ನನಗೊಬ್ಬನಿಗೆ ಹೇಳಬಾರದಾಗಿತ್ತಾ?"

"ನಿಮಗೆ ಹೇಗೆ ಹೇಳೋದು?" ಅಂದಳು ಹೆಂಡತಿ. ದನಿಯಲ್ಲಿ ಜಗಳವಿರಲಿಲ್ಲ. "ಮಗಳ ಬಟ್ಟೆ ಬೀರುವಿನಿಂದ ತೆಗೀತೀನಿ ಅಂದಿದ್ದಕ್ಕೆ ನೀವು ಮೂರು ದಿನ ಮಾತು ಬಿಟ್ರಿ. ಸಂಜೆ ನೀವು ಮುಟ್ಟೋ ಜಾಗಕ್ಕೇ ನಾವೆಲ್ಲ ಬರ್ತಿದೀವಿ. ಹುಷಾರಾಗಿ ಬನ್ನಿ."

ನಾವೆಲ್ಲ ಅಂದರೆ ಯಾರು ಯಾರು ಅಂತ ಅವರು ಕೇಳಲಿಲ್ಲ.

ಟೆಂಟು ದಾಟಿದ ಮೇಲೆ ರಸ್ತೆ ಚಪ್ಪಟೆಯಾಯಿತು. ಎರಡೂ ಕಡೆ ಬೋಳು ಬಯಲು, ಕರೆಂಟ್ ಕಂಬಗಳು, ಎದುರುಗಾಳಿ. ಗಾಳಿಗೆ ಕೊನೆ ಅನ್ನುವುದೇ ಇಲ್ಲ. ಏರಿಗಾದರೆ ನೆತ್ತಿಯಾದರೂ ಇರುತ್ತದೆ. ಅಳಿಯ ಗೇರು ಸಡಿಲ ಮಾಡಿಕೊಂಡು ಪುಟಪುಟನೆ ತುಳಿದ. ಬ್ರೇಕಪ್ಪನ ಪೆಡಲ್ಲು ಕೆಸರಿನಲ್ಲಿ ಹೂತ ಹಾಗೆ ತಿರುಗುತ್ತಿತ್ತು.

"ನನ್ನ ಹಿಂದೆ ಬನ್ನಿ ಮಾವ. ಚಕ್ರಕ್ಕೆ ಹತ್ತಿರ ಇರಿ, ಗಾಳಿ ತಪ್ಪುತ್ತೆ."

"ನೀವು ಹೊರಡಿ."

ಅಳಿಯ ಹೊರಡಲಿಲ್ಲ. ಮುಂದೆ ಬಂದು, ವೇಗ ಇಳಿಸಿ, ಅಡ್ಡ ನಿಂತವನ ಹಾಗೆ ತುಳಿಯತೊಡಗಿದ. ಸ್ವಲ್ಪ ದೂರ ಬ್ರೇಕಪ್ಪ ಬೇಕೆಂದೇ ಪಕ್ಕಕ್ಕೆ ಸರಿದು ಗಾಳಿಗೆ ಎದೆ ಕೊಟ್ಟರು. ಆಮೇಲೆ ಆಗಲಿಲ್ಲ. ನಾಚಿಕೆ ಬಿಟ್ಟು ಅಳಿಯನ ಹಿಂದಿನ ಚಕ್ರಕ್ಕೆ ಅಂಟಿಕೊಂಡರು. ಕಿವಿಯ ಮೊರೆತ ಒಮ್ಮೆಗೇ ನಿಂತಿತು. ಯಾರೋ ಬಾಗಿಲು ಮುಚ್ಚಿದ ಹಾಗೆ.

ಕಣ್ಣೆದುರಿಗೆ ಅಳಿಯನ ಬೆನ್ನು. ಮಂಚದ ಮೇಲೆ ಕಂಡಿದ್ದ ಅದೇ ಬೆನ್ನು. ಆಗ ಮೂಳೆ ಎಣಿಸಬಹುದಿತ್ತು. ಈಗ ಒದ್ದೆ ಅಂಗಿಯ ಕೆಳಗೆ ಮಾಂಸ ತುಂಬಿ, ಎಡಕ್ಕೆ ಬಲಕ್ಕೆ ಸಲೀಸಾಗಿ ಆಡುತ್ತಿತ್ತು. ಕತ್ತು ನೆಟ್ಟಗಿತ್ತು. ಕೂದಲನ್ನು ಹೊಸದಾಗಿ ಕತ್ತರಿಸಿಕೊಂಡಿದ್ದ. ಬದುಕಿಬಿಟ್ಟ ಇವನು, ಅಂದುಕೊಂಡರು ಬ್ರೇಕಪ್ಪ. ಬದುಕಲಿ ಅಂತಲೇ ಎಳೆದು ತಂದದ್ದು. ಆದರೆ ಇಷ್ಟು ಬದುಕಲಿ ಅಂತಲ್ಲ.

ಹೀಗೆ ಯೋಚಿಸಿದ್ದು ತಾನೇ ಎಂದು ತಿಳಿದು ಅವನ ಬೆನ್ನಿನಿಂದ ಕಣ್ಣು ತೆಗೆದರು. ಕಾಲು ತುಸು ಸಡಿಲ ಬಿಟ್ಟರು. ಚಕ್ರಕ್ಕೂ ಚಕ್ರಕ್ಕೂ ನಡುವೆ ಒಂದು ಮೊಳ ಜಾಗವಾಯಿತು, ಆಮೇಲೆ ಒಂದು ಮಾರು. ಕೂಗಿದರೆ ಅವನು ನಿಲ್ಲುತ್ತಿದ್ದ. ಅವರು ಕೂಗಲಿಲ್ಲ. ಗಾಳಿ ಆ ಸಂದಿಯಲ್ಲಿ ನುಗ್ಗಿ ಬಂದು ಮುಖಕ್ಕೆ ಹೊಡೆಯಿತು. ಮಾವ ಹಿಂದೆಯೇ ಇದ್ದಾರೆಂಬ ನಂಬಿಕೆಯಲ್ಲಿ ಅಳಿಯ ಒಂದೇ ಹದದಲ್ಲಿ ತುಳಿಯುತ್ತ ಹೋದ. ಬಿಳಿ ಅಂಗಿ ಚಿಕ್ಕದಾಯಿತು, ಕಂಬಗಳ ಸಾಲಿನಲ್ಲಿ ಸೇರಿಕೊಂಡಿತು.

ಬ್ರೇಕಪ್ಪ ಒಂದು ಮೋರಿಕಟ್ಟೆಯ ಬಳಿ ಇಳಿದರು. ಕುಡಿದಿದ್ದ ಟೀಯೆಲ್ಲ ವಾಂತಿಯಾಯಿತು. ಕಾಲಿನ ಮೀನಖಂಡ ಹಿಡಿದುಕೊಂಡಿತು, ಬೂಟಿನೊಳಗೆ ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತವು. ಸವಾರರು ಒಬ್ಬೊಬ್ಬರೇ ದಾಟಿ ಹೋದರು. ಹಿಂದುಳಿದವರನ್ನು ಹತ್ತಿಸಿಕೊಳ್ಳುವ ವ್ಯಾನು ಬಂದು ನಿಂತಿತು. "ಬನ್ನಿ ಯಜಮಾನ್ರೇ, ಗಾಡಿ ಮೇಲಿಡ್ತೀನಿ," ಅಂದ ಡ್ರೈವರ್. "ಎಂತೆಂಥೋರೋ ಹತ್ಕೊಂಡಿದಾರೆ ಒಳಗೆ, ನಾಚ್ಕೋಬೇಡಿ."

"ನೀನು ನಡಿಯಪ್ಪಾ. ನನ್ನದು ಇನ್ನೂ ಇದೆ."

ಏನಿದೆ ಎಂದು ಅವರಿಗೇ ತಿಳಿದಿರಲಿಲ್ಲ. ತುಸು ತುಳಿದರು, ತುಸು ತಳ್ಳಿದರು. ಮಗಳು ಚಿಕ್ಕವಳಿದ್ದಾಗ ಹಿಂದಿನ ಕ್ಯಾರಿಯರಿನಲ್ಲಿ ಕೂತು ಬೆನ್ನಿಗೆ ಕೆನ್ನೆ ಒತ್ತಿಕೊಂಡಿರುತ್ತಿದ್ದಳು. ಅದನ್ನು ಈಗ ನೆನೆಯಲು ನೋಡಿದರು. ಬೆವರಿನಲ್ಲಿ ತೊಯ್ದ ಬೆನ್ನಿಗೆ ಅಂಗಿ ಅಂಟಿದ್ದಷ್ಟೇ ಗೊತ್ತಾಯಿತು. ಅವಳ ಮುಖ ಬೇಕೆಂದಾಗ ಬರುತ್ತಿರಲಿಲ್ಲ, ಇತ್ತೀಚೆಗೆ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಮುಟ್ಟುವ ಹೊತ್ತಿಗೆ ಬೆಳಕು ಮಸುಕಾಗಿತ್ತು. ಬ್ಯಾನರಿನ ಒಂದು ತುದಿ ಬಿಚ್ಚಿ ನೆಲಕ್ಕೆ ಬಿದ್ದಿತ್ತು. ಇಬ್ಬರು ಮೇಜು ಮಡಚುತ್ತಿದ್ದರು. ಮೊಹರಿನ ಡಬ್ಬಿ ಮುಚ್ಚಿಟ್ಟಿದ್ದ ಹೆಂಗಸು, "ಹೊತ್ತು ಮೀರಿತು ಸಾರ್, ಏನೂ ಮಾಡೋಕಾಗಲ್ಲ," ಎಂದು ನೀರಿನ ಬಾಟಲಿ ಕೊಟ್ಟಳು.

ಅಳಿಯ ರಸ್ತೆಯಂಚಿನಿಂದ ಓಡಿಬಂದ. "ಹಿಂದೇನೇ ಇದೀರ ಅಂದ್ಕೊಂಡಿದ್ದೆ ಮಾವ. ತಿರುಗಿ ನೋಡಿದ್ರೆ ಇಲ್ಲ. ವಾಪಸ್ ಬರೋಣ ಅಂದ್ರೆ, ಬರ್ತಿದಾರೆ ಬಿಡಿ ಅಂದ ವ್ಯಾನಿನವನು." ಅವನ ಕಣ್ಣು ಕೆಂಪಾಗಿತ್ತು. ಬ್ರೇಕಪ್ಪ ಸೈಕಲ್ಲನ್ನು ಅವನ ಕೈಗೆ ಬಿಟ್ಟರು.

ಹೆಂಡತಿ ಬೆಂಚಿನಿಂದ ಎದ್ದು ನಿಂತಳು. ಅವಳ ಪಕ್ಕದಲ್ಲಿ ಔಷಧಿ ಅಂಗಡಿಯವಳು, ಹೆಗಲ ಮೇಲೆ ನಿದ್ದೆ ಹೋದ ಪುಟ್ಟಿ. ಮಗು ಬಾಯಿ ತೆರೆದುಕೊಂಡು ಮಲಗಿತ್ತು. ಜೊಲ್ಲು ಸುರಿದು ಆಕೆಯ ಹೆಗಲಿನ ಬಟ್ಟೆ ಒದ್ದೆಯಾಗಿತ್ತು, ಆಕೆ ಒರೆಸಿಕೊಂಡಿರಲಿಲ್ಲ.

"ಅಪ್ಪಾ," ಅಂದಳು ಆಕೆ, ಮೆಲ್ಲಗೆ. ಹಾಗೆ ಕರೆಯಬಹುದೋ ಇಲ್ಲವೋ ಎಂಬ ಹೆದರಿಕೆ ದನಿಯಲ್ಲಿತ್ತು. "ಇವಳ ಚಪ್ಪಲಿ ಬಿದ್ದಿದೆ, ನಿಮ್ಮ ಕಾಲ ಹತ್ತಿರ. ನಾನು ಬಗ್ಗಿದ್ರೆ ಎದ್ದುಬಿಡ್ತಾಳೆ."

ಬ್ರೇಕಪ್ಪ ಬೆಂಚು ಹಿಡಿದುಕೊಂಡು ಬಗ್ಗಿದರು. ಪಟ್ಟಿಗೆ ಬಕಲ್ಲು ಇದ್ದ ಪುಟ್ಟ ಚಪ್ಪಲಿ. ಆಕೆಯ ಸೊಂಟದ ಬಳಿ ತೂಗುತ್ತಿದ್ದ ಕಾಲನ್ನು ಹಿಡಿದು ಚಪ್ಪಲಿ ತೊಡಿಸಿದರು. ಪಟ್ಟಿಯನ್ನು ಬಕಲ್ಲಿನೊಳಗೆ ತೂರಿಸಲು ನೋಡಿದರು. ಇಡೀ ದಿನ ಹ್ಯಾಂಡಲ್ ಹಿಡಿದಿದ್ದ ಬೆರಳುಗಳು ಮರಗಟ್ಟಿ ಬೇರೆ ಯಾರದ್ದೋ ಆಗಿದ್ದವು. ಪಟ್ಟಿ ಜಾರಿತು. ಮತ್ತೆ ತೂರಿಸಿದರು. ಮತ್ತೆ ಜಾರಿತು.

"ಬಿಡ್ರೀ, ನಾನು ಹಾಕ್ತೀನಿ," ಎಂದು ಹೆಂಡತಿ ಕೈ ಚಾಚಿದಳು. ಔಷಧಿ ಅಂಗಡಿಯವಳು ಅವಳತ್ತ ನೋಡಿ, ಬೇಡ ಎಂಬಂತೆ ತಲೆಯಾಡಿಸಿದಳು. ಮಗುವಿನ ಭಾರವನ್ನು ಇನ್ನೊಂದು ಹೆಗಲಿಗೂ ದಾಟಿಸದೆ, ಅಲುಗದೆ ನಿಂತಳು.

ಬ್ರೇಕಪ್ಪ ಇನ್ನೊಂದು ಸಲ ಪಟ್ಟಿ ಹಿಡಿದರು. ಅಂಗೈಯಲ್ಲಿದ್ದ ಪಾದ ಬೆಚ್ಚಗಿದೆಯೋ ತಣ್ಣಗಿದೆಯೋ ಅವರಿಗೆ ತಿಳಿಯಲಿಲ್ಲ.