ಪುಟ್ಟ ಕಾಯ್ದ ಕೋಣೆ

ಲಿಫ್ಟ್ ಮೆಕ್ಯಾನಿಕ್‌ನ ಮಗಳು ಮನೆಯ ಹೊಸ್ತಿಲು ದಾಟದೆ ಎಂಟು ತಿಂಗಳಾಗಿತ್ತು. ಔಷಧಿ ಅಂಗಡಿಯ ಕೆಲಸ ಮುಗಿಸಿಕೊಂಡು ಸಂಜೆ ಏಳಕ್ಕೆ ಬರುತ್ತಿದ್ದವಳನ್ನು ತಮ್ಮದೇ ಕಟ್ಟಡದ ಮೆಟ್ಟಿಲ ತಿರುವಿನಲ್ಲಿ ಯಾವನೋ ಅಡ್ಡಗಟ್ಟಿದ್ದ. ಬ್ಯಾಗು ಕೊಟ್ಟರೂ ಬಿಡದೆ ಕೈ ತಿರುಚಿ, ತಲೆಯನ್ನು ಗೋಡೆಗೆ ಜಜ್ಜಿ ಹೋಗಿದ್ದ. ಅವಳು ಕಿರುಚಿದ್ದು ಮೂರೂ ಮಹಡಿಗೆ ಕೇಳಿತ್ತು. ಒಂದು ಬಾಗಿಲೂ ತೆರೆಯಲಿಲ್ಲ. ಅಪ್ಪ ಆ ಹೊತ್ತಿಗೆ ಪಕ್ಕದ ಬೀದಿಯ ಆಸ್ಪತ್ರೆಯಲ್ಲಿ, ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟಿನಿಂದ ಯಾರದೋ ಮನೆಯವರನ್ನು ಒಬ್ಬೊಬ್ಬರಾಗಿ ಇಳಿಸುತ್ತಿದ್ದ. ಮುರಿದ ಕೈ ಆರು ವಾರಕ್ಕೆ ಕೂಡಿಕೊಂಡಿತು. ಅಂಗಡಿಯವರು ಎರಡು ತಿಂಗಳು ಕಾದು, ಬೇರೆಯವರನ್ನು ಇಟ್ಟುಕೊಂಡರು. ಅವನು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ.

ನಾಯಿಯ ಮಾತು ಎತ್ತಿದವಳು ಮೆಕ್ಯಾನಿಕ್‌ನ ಅಕ್ಕ. ಅವಳ ಮನೆ ಎರಡು ಬೀದಿಯಾಚೆ. ತಾಯಿಯಿಲ್ಲದ ಹುಡುಗಿಯನ್ನು ಚಿಕ್ಕಂದಿನಿಂದ ಎತ್ತಿ ಆಡಿಸಿದವಳು. ಈಗಲೂ ದಿನಾ ಮಧ್ಯಾಹ್ನ ಮೂರು ಮಹಡಿ ಹತ್ತಿ ಬರುತ್ತಿದ್ದಳು.

"ಊರಿಗೆಲ್ಲ ಲಿಫ್ಟ್ ಓಡಿಸ್ತೀಯ, ನಿನ್ನ ಮನೆಗೆ ಮಾತ್ರ ನಾನು ಮಂಡಿ ಹಿಡ್ಕೊಂಡು ಹತ್ತಬೇಕು," ಎಂದು ಏದುಸಿರು ಬಿಡುತ್ತಾ ಕೂತು, ಆಮೇಲೆ ದನಿ ತಗ್ಗಿಸಿ ಹೇಳಿದಳು. "ಲೋ, ಒಂದು ನಾಯಿ ತಂದಿಡೋ. ಬೆಳಗ್ಗೆ ಹೋದೋನು ನೀನು ಸಂಜೆ ಬರ್ತೀಯ. ನಾನು ಇದ್ರೆ ಒಂದೆರಡು ಗಂಟೆ. ಮಿಕ್ಕ ಹೊತ್ತೆಲ್ಲ ಆ ಕೂಸು ಗೋಡೆ ನೋಡ್ಕೊಂಡು ಕೂತಿರುತ್ತೆ. ನಾಯಿ ಇದ್ರೆ ಧೈರ್ಯ. ಅದನ್ನ ತಿರುಗಾಡಿಸೋ ನೆಪದಲ್ಲಾದ್ರೂ ಕೆಳಗಿಳೀತಾಳೆ."

ಮೆಕ್ಯಾನಿಕ್‌ಗೆ ಮಾತು ನಾಟಿತು. ಅಳತೆ ನೋಡದೆ ಒಂದು ಬೋಲ್ಟನ್ನೂ ಬಿಗಿಯದ ಮನುಷ್ಯ ಅವನು. ತಾರಸಿಯ ಮೋಟಾರು ಕೋಣೆಗಳಲ್ಲಿ ಕೂತು ಬುತ್ತಿ ತಿನ್ನುವಾಗಲೆಲ್ಲ ಫೋನಿನಲ್ಲಿ ನಾಯಿಗಳ ಬಗ್ಗೆ ಓದಿದ. ಯಾವ ತಳಿ ನಿಷ್ಠೆಯದು, ಯಾವುದು ಅಪರಿಚಿತರನ್ನು ಹತ್ತಿರ ಸೇರಿಸುವುದಿಲ್ಲ, ಯಾವುದು ಸಣ್ಣ ಮನೆಗೆ ಒಗ್ಗುತ್ತದೆ ಎಂದು ಸರ್ವಿಸ್ ಪುಸ್ತಕದ ಹಿಂಬದಿಯಲ್ಲಿ ಗೀಚಿಕೊಂಡ. ನಾಯಿ ಕಂಡ ಕಟ್ಟಡಗಳಲ್ಲೆಲ್ಲ ಕಾವಲುಗಾರರನ್ನು ನಿಲ್ಲಿಸಿ ವಿಚಾರಿಸಿದ. ಕಡೆಗೆ ಮಗಳನ್ನೇ ಕೇಳಿದ.

"ಯಾವುದಾದ್ರೂ ಸರಿ," ಎಂದಳು ಅವಳು. "ಬಿಡಬಾರದು, ಅಷ್ಟೇ."

"ಏನನ್ನ?"

"ಯಾರನ್ನೂ."

ಆ ವಾರ ಅವಳು ಆಡಿದ್ದ ಮಾತು ಅಷ್ಟೇ. ಇಷ್ಟು ದಿನಕ್ಕೆ ಬಾಯಿಬಿಟ್ಟು ಏನನ್ನೋ ಕೇಳಿದಳಲ್ಲ ಎಂದು ಅಪ್ಪನಿಗೆ ಹಿಗ್ಗು. ಕೇಳಿದ್ದೇನು ಎಂದು ಯೋಚಿಸುವ ವ್ಯವಧಾನ ಅವನಿಗೆ ಇರಲಿಲ್ಲ.

ಊರಂಚಿನ ಗೋದಾಮುಗಳ ಹಿಂದೆ ಒಬ್ಬ ಹೆಂಗಸು ನಾಯಿಗಳನ್ನು ಸಾಕಿ, ಪಳಗಿಸಿ ಕೊಡುತ್ತಿದ್ದರು. ಎಲ್ಲರೂ ಅವರನ್ನು ನಾಯಿ ಮೇಡಂ ಎನ್ನುತ್ತಿದ್ದರು. ಎದುರಿಗೂ ಹಾಗೇ ಕರೆಯುತ್ತಿದ್ದರು, ಅವರಿಗೇನೂ ಬೇಸರವಿರಲಿಲ್ಲ. ಒಂದು ಭಾನುವಾರ ಬೆಳಗ್ಗೆ ಮೆಕ್ಯಾನಿಕ್ ಅಲ್ಲಿಗೆ ಹೋದಾಗ ಅವರು ರಬ್ಬರ್ ಬೂಟು ಹಾಕಿಕೊಂಡು ಗೂಡುಗಳನ್ನು ತೊಳೆಯುತ್ತಿದ್ದರು.

"ನಾಯಿ ಆಮೇಲೆ ತೋರಿಸ್ತೀನಿ. ಮೊದ್ಲು ನಿಮ್ಮ ಮನೆ ತೋರ್ಸಿ," ಎಂದರು.

"ಮನೆ ಇಲ್ಲೆಲ್ಲಿ ಬಂತು ಮೇಡಂ?"

"ಬಾಯಲ್ಲೇ ತೋರ್ಸಿ. ಎಷ್ಟನೇ ಮಹಡಿ?"

"ಮೂರನೇದು."

"ಲಿಫ್ಟ್ ಇದೆಯಾ?"

"ಇಲ್ಲ."

"ನೀವೇನು ಕೆಲಸ ಮಾಡೋದು?"

"ಲಿಫ್ಟ್ ರಿಪೇರಿ."

ನಾಯಿ ಮೇಡಂ ಪೈಪು ಕೆಳಗೆ ಹಾಕಿ ನಕ್ಕರು. ಅವನಿಗೂ ನಗು ಬಂತು. ಮಗಳ ವಿಷಯ ಹೇಳುವಾಗ ಆ ನಗು ನಿಂತಿತು. ನಡೆದದ್ದರಲ್ಲಿ ಅರ್ಧ ಹೇಳಿದ: ಯಾರೋ ಹೊಡೆದರು, ಹೆದರಿದ್ದಾಳೆ ಎಂದಷ್ಟೇ. ಅವರು ಪೂರ್ತಿ ಕೇಳಿಸಿಕೊಂಡು, ಮೊದಲ ಗೂಡಿನ ಚಿಲಕ ತೆಗೆದರು. ಬೆಣ್ಣೆ ಬಣ್ಣದ ಲ್ಯಾಬ್ರಡಾರ್ ಒಂದು ಹೊರಗೆ ಬಂದು, ಅವನ ಪರಿಚಯ ಹತ್ತು ವರ್ಷದ್ದೇನೋ ಎಂಬಂತೆ ಮೊಣಕಾಲಿಗೆ ಮೈ ಉಜ್ಜಿತು.

"ನಿಮಗೆ ಕಾಯೋ ನಾಯಿ ಬೇಡ. ಇದನ್ನ ತಗೊಂಡು ಹೋಗಿ. ಕಳ್ಳ ಬಂದ್ರೂ ಬಾಲ ಆಡ್ಸುತ್ತೆ, ನಾನು ಸುಳ್ಳು ಹೇಳಲ್ಲ. ಆದ್ರೆ ನಿಮ್ಮ ಮಗಳನ್ನ ಎಳ್ಕೊಂಡು ಹೋಗಿ ನಾಲ್ಕು ಜನರ ಮಧ್ಯೆ ನಿಲ್ಲಿಸುತ್ತೆ."

ಎಲ್ಲರಿಗೂ ಬಾಲ ಆಡಿಸುವ ಆ ನಾಯಿಯಿಂದ ಅವನು ಕಾಲು ಹಿಂದಕ್ಕೆಳೆದುಕೊಂಡ. ಅಂಥ ಸಾಧು ಜನ ಕಟ್ಟಡದ ತುಂಬ ಇದ್ದರಲ್ಲ, ಅವಳು ಕೂಗಿದ ದಿನ? ಕಣ್ಣು ಕೊನೆಯ ಗೂಡಿನ ಕಡೆ ಹೋಯಿತು. ಅಲ್ಲೊಂದು ಕಪ್ಪು ನಾಯಿ ಬೊಗಳದೆ, ಅಲುಗದೆ ಅವನನ್ನೇ ನೋಡುತ್ತಾ ನಿಂತಿತ್ತು.

"ಅದು?"

"ಡಾಬರ್‌ಮನ್. ಒಂದೂವರೆ ವರ್ಷ. ಅದಕ್ಕೆ ಮನೆ ಅಂದ್ರೆ ಒಬ್ಬರೇ. ಆ ಒಬ್ಬರಿಗೆ ಪ್ರಾಣ ಬೇಕಾದ್ರೂ ಕೊಡುತ್ತೆ. ಆದ್ರೆ ದಿನಾ ಎರಡು ಹೊತ್ತು ಓಡಬೇಕು, ಹೊಸ ಮುಖ ನೋಡಬೇಕು. ಕೂಡಿಹಾಕಿದ್ರೆ ತಲೆ ಕೆಟ್ಟುಹೋಗುತ್ತೆ. ನಿಮ್ಮ ಮಗಳು ಹೊರಗೆ ಹೋಗ್ತಾಳೆ ತಾನೇ?"

"ಹೋಗ್ತಾಳೆ," ಎಂದ ಮೆಕ್ಯಾನಿಕ್. ಒಂದು ಸುಳ್ಳು ಹೊರಬಿದ್ದ ಮೇಲೆ ಮಿಕ್ಕವು ತಡವರಿಸಲಿಲ್ಲ. "ಬೆಳಗ್ಗೆ ಸಂಜೆ ವಾಕಿಂಗ್ ಇದೆ. ಕಟ್ಟಡದ ಹಿಂದೆ ಮೈದಾನಾನೂ ಇದೆ."

ಕಟ್ಟಡದ ಹಿಂದೆ ಇದ್ದದ್ದು ಗುಜರಿ ಸಾಮಾನಿನ ರಾಶಿ.

ಮೊದಲ ಮೂರು ವಾರ ಮನೆಗೆ ಜೀವ ಬಂದಂತಾಯಿತು. ಆ ಸೊಂಟದೆತ್ತರದ ನಾಯಿಗೆ ಮಗಳು ಪುಟ್ಟ ಎಂದು ಹೆಸರಿಟ್ಟಳು. ಅದು ನೀರು ಕುಡಿದು ಗಲ್ಲದಿಂದ ಸೋರಿಸುತ್ತಾ ಅವಳ ಮಡಿಲಿಗೆ ತಲೆಯಿಟ್ಟಾಗ, ಅಡುಗೆಮನೆಯಲ್ಲಿದ್ದ ಅಪ್ಪನಿಗೆ ಅವಳ ನಗು ಕೇಳಿಸಿತು. ಒಲೆ ಆರಿಸಿ ಹಾಗೇ ನಿಂತುಬಿಟ್ಟ. ನಾಲ್ಕನೆಯ ದಿನ ಬೆಳಗ್ಗೆ, ಯಾರೂ ಏಳುವ ಮುಂಚೆ, ಅವಳು ನಾಯಿಯ ಜೊತೆ ಹೊಸ್ತಿಲು ದಾಟಿ ತಾರಸಿಗೆ ಹತ್ತಿದಳು. ಹದಿನಾಲ್ಕು ಮೆಟ್ಟಿಲು. ಮೇಲಕ್ಕೆ ಹೋದರೇನು, ಕೆಳಕ್ಕೆ ಹೋದರೇನು, ಬಾಗಿಲು ದಾಟಿದಳಲ್ಲ ಎಂದು ಅಕ್ಕ ಫೋನಿನಲ್ಲೇ ಅತ್ತಳು.

ಆದರೆ ಅವಳು ಕೆಳಗಿನ ಮೆಟ್ಟಿಲಿಗೆ ಕಾಲಿಡಲಿಲ್ಲ. ಅಪ್ಪ ನಾಯಿಯನ್ನು ರಸ್ತೆಗೆ ಒಯ್ದರೆ ಅದು ಗೇಟಿನ ಹತ್ತಿರ ಕಾಲೆತ್ತಿ, ಅವನನ್ನೂ ಎಳೆದುಕೊಂಡು ವಾಪಸು ಓಡುತ್ತಿತ್ತು. ಬರಬರುತ್ತಾ ಅವನ ಜೊತೆ ಹೊರಡಲೂ ಒಪ್ಪದಾಯಿತು. ಬೆಲ್ ಆದರೆ ಬಾಗಿಲ ಮೇಲೆ ಎಗರುತ್ತಿತ್ತು. ಎತ್ತಿ ಆಡಿಸಿದ ಅತ್ತೆ ಬಂದರೂ ಹಲ್ಲು ಕಿರಿಯಿತು. ಅವಳು ಊಟದ ಡಬ್ಬಿಯನ್ನು ಹೊರಗಿಟ್ಟು, ಮೆಟ್ಟಿಲ ಮೇಲೆ ಕೂತು ಬಾಗಿಲ ಸಂದಿಯಿಂದ ಮಾತಾಡಿ ಹೋಗತೊಡಗಿದಳು.

ಔಷಧಿ ಅಂಗಡಿಯ ಗೆಳತಿಯೊಬ್ಬಳು ಭಾನುವಾರಗಳಂದು ತಪ್ಪದೆ ಬರುತ್ತಿದ್ದಳು. ಅಂಗಡಿಯ ಸುದ್ದಿ, ಮಾಲೀಕನ ಬೋಳುತಲೆಯ ಹೊಸ ಎಣ್ಣೆ, ಕೆಮ್ಮಿನ ಔಷಧಿಗೆ ಜಗಳಾಡಿದ ಮುದುಕ ಎಲ್ಲವನ್ನೂ ಹೊತ್ತು ತರುತ್ತಿದ್ದಳು. ಹೊರಗಿನ ಲೋಕ ಅಂತ ಆ ಮನೆಗೆ ಉಳಿದಿದ್ದದ್ದು ಅವಳೊಬ್ಬಳೇ. ಒಂದು ಭಾನುವಾರ ಮೆಕ್ಯಾನಿಕ್ ನಾಯಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಅವಳನ್ನು ಒಳಗೆ ಕರೆದ. ಗೆಳತಿ ನಗುನಗುತ್ತಾ ಮಗಳನ್ನು ತಬ್ಬಿಕೊಳ್ಳಲು ಕೈ ಚಾಚಿದಳು. ಮಗಳು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು. ಅಷ್ಟೇ ಸಾಕಾಯಿತು. ನಾಯಿಯ ಬೆಲ್ಟು ಅಪ್ಪನ ಕೈ ಸೀಳಿಕೊಂಡು ಹೋಯಿತು. ಗೆಳತಿಯ ಮುಂಗೈ ನಾಯಿಯ ಬಾಯಲ್ಲಿತ್ತು.

ಏಳು ಹೊಲಿಗೆ ಬಿದ್ದವು. ಆಸ್ಪತ್ರೆಯಿಂದ ಅವಳನ್ನು ಮನೆಗೆ ಬಿಟ್ಟು ಬಂದ ಅಪ್ಪ, ಅಂಗಿಯ ಮೇಲೆ ರಕ್ತದ ಕಲೆ ಇದ್ದ ಹಾಗೇ ಮಗಳ ಕೋಣೆಯ ಮುಂದೆ ನಿಂತ.

"ಒಂದು ಫೋನ್ ಮಾಡಮ್ಮ ಅವಳಿಗೆ. ನೋಯ್ತಿದೆ ಪಾಪ."

"ಅವಳು ಯಾಕೆ ಹಾಗೆ ಮೈಮೇಲೆ ಬಂದಳು?" ಎಂದಳು ಮಗಳು, ನಾಯಿಯ ಕಿವಿ ನೇವರಿಸುತ್ತಾ. "ಅದರ ಕೆಲಸ ಅದು ಮಾಡ್ತು. ಆವತ್ತು ಯಾರೂ ಮಾಡಲಿಲ್ಲ."

ಆವತ್ತು ಯಾರೂ ಮಾಡಲಿಲ್ಲ ಎಂಬಲ್ಲಿ ತಾನೂ ಸೇರಿದ್ದೇನೆ ಎಂದು ಅವನಿಗೆ ಗೊತ್ತಾಯಿತು. ಹೋಗಿ ಅಂಗಿ ನೆನೆಹಾಕಿದ. ಗೆಳತಿ ಮತ್ತೆ ಬರಲಿಲ್ಲ.

ಅದಾದ ಹತ್ತು ದಿನಕ್ಕೆ ಮಗಳಿಗೆ ಜ್ವರ ಬಂತು. ಸಂಜೆ ಕೆಲಸದಿಂದ ಬಂದವನು ಕೈಕಾಲು ತೊಳೆದು, ಗಂಜಿ ಕಾಯಿಸಿಕೊಂಡು ಕೋಣೆಯ ಹತ್ತಿರ ಹೋದ. ಬಾಗಿಲಿಗೆ ಅಡ್ಡ ಮಲಗಿದ್ದ ನಾಯಿ ಎದ್ದು ನಿಂತಿತು. ಬೊಗಳಲಿಲ್ಲ. ತುಟಿ ಮೇಲೆತ್ತಿ ಗುರ್ರೆಂದಿತು.

"ನಾನು ಕಣೋ ಪುಟ್ಟ. ದಿನಾ ಊಟ ಹಾಕೋನು ನಾನು."

ಒಂದು ಹೆಜ್ಜೆ ಇಟ್ಟ. ಗುರುಗುಟ್ಟುವಿಕೆ ಇನ್ನೂ ಆಳವಾಯಿತು.

"ಅಮ್ಮಾ, ಇದನ್ನ ಸ್ವಲ್ಪ ಕರಿಯೇ. ಗಂಜಿ ತಂದಿದ್ದೀನಿ."

ಹಾಸಿಗೆಯಲ್ಲಿ ಅವಳು ಎಚ್ಚರವಾಗಿದ್ದಳು. ಕಣ್ಣು ಬಿಟ್ಟು ಇತ್ತಲೇ ನೋಡುತ್ತಿದ್ದಳು. ಒಂದು ಮಾತು ಸಾಕಿತ್ತು, ಒಂದು ಚಿಟಿಕೆ ಸಾಕಿತ್ತು. ಬಟ್ಟಲಿನ ಬಿಸಿ ಅವನ ಬೆರಳು ಸುಡುವಷ್ಟು ಹೊತ್ತು ಆಯಿತು.

"ಅಲ್ಲೇ ಇಟ್ಟು ಹೋಗಪ್ಪಾ," ಎಂದಳು.

ಇಟ್ಟು ಬಂದ. ಅಂದಿನಿಂದ ಅವಳ ತಟ್ಟೆ ಹೊಸ್ತಿಲಲ್ಲೇ. ಮಗಳು ಹುಟ್ಟಿದಾಗಿನಿಂದ ಅವಳ ಹಣೆ ಮುಟ್ಟಿ ಜ್ವರ ನೋಡುತ್ತಿದ್ದವನು, ಈಗ ಥರ್ಮಾಮೀಟರನ್ನು ನೆಲದ ಮೇಲೆ ಉರುಳಿಸಿ ಎಷ್ಟಿದೆ ಎಂದು ಕೇಳಬೇಕಾಯಿತು. ಜ್ವರವೇನೋ ಇಳಿಯಿತು. ಅಷ್ಟರಲ್ಲಿ ನಾಯಿ ತನ್ನ ಮುಂಗಾಲನ್ನು ನೆಕ್ಕಿ ನೆಕ್ಕಿ, ಕೂದಲುದುರಿ, ಚರ್ಮ ಹೋಗಿ, ಕೆಂಪು ಮಾಂಸ ಕಾಣುತ್ತಿತ್ತು. ಮಗಳು ಮುಲಾಮು ಹಚ್ಚಿ ಪಟ್ಟಿ ಕಟ್ಟುತ್ತಿದ್ದಳು. ಅದು ಪಟ್ಟಿ ಕಿತ್ತು ಮತ್ತೆ ನೆಕ್ಕುತ್ತಿತ್ತು. ಆ ಚಪ್ ಚಪ್ ಸದ್ದು ಅಡುಗೆಮನೆವರೆಗೂ ಬರುತ್ತಿತ್ತು.

ತಡೆಯಲಾರದೆ ಅವನು ನಾಯಿ ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಒಪ್ಪಿಕೊಂಡ. ವಾಕಿಂಗೂ ಇಲ್ಲ, ಮೈದಾನವೂ ಇಲ್ಲ. ಬೈಯುತ್ತಾರೆಂದುಕೊಂಡಿದ್ದ. ಅವರು ಬೈಯಲಿಲ್ಲ.

"ಯಾರಿಗೆ ಹೆದರಬೇಕು ಅಂತ ನಾಯಿಗೆ ತಾನಾಗಿ ಗೊತ್ತಾಗಲ್ಲ," ಎಂದರು. "ಅದು ಸಾಕಿದವರ ಮೈ ನೋಡಿ ಕಲಿಯುತ್ತೆ. ಯಾರು ಬಂದಾಗ ಅವಳ ಮೈ ಬಿಗಿಯುತ್ತೋ ಅವರೇ ಅದಕ್ಕೆ ಕಳ್ಳರು."

"ನಾನು ಅವಳಪ್ಪ ಮೇಡಂ."

ಅವರು ಕಣ್ಣು ತಪ್ಪಿಸಿ ಬೂಟಿನ ಮಣ್ಣು ಕೊಡವಿದರು. ತಿಂಗಳುಗಟ್ಟಲೆ ಅವನು ತನ್ನೊಳಗೆ ಮುಚ್ಚಿಟ್ಟುಕೊಂಡಿದ್ದದ್ದು ಆಗ ಬಯಲಾಯಿತು. ಮಗಳು ಗಂಡಸಿನ ಹೆಜ್ಜೆಗೆ ಹೆದರುತ್ತಿದ್ದಳು. ಮೂರು ಮಹಡಿ ಹತ್ತಿ ಬರುವ ಆ ಹೆಜ್ಜೆ ಅಪ್ಪನದೇ ಆದರೂ.

ಮರುದಿನ ಬೆಳಗ್ಗೆ ನಾಯಿ ಮೇಡಂ ಬಂದು, ಬಾಗಿಲಾಚೆಯೇ ನಿಂತು ಮಗಳ ಜೊತೆ ಮಾತಾಡಿದರು. "ನೋಡಮ್ಮ, ಅದರ ಕಾಲು ನೋಡು. ಹೀಗೇ ಬಿಟ್ರೆ ಇನ್ನೊಂದು ತಿಂಗಳಿಗೆ ಕೊಳೆಯುತ್ತೆ. ನಿನ್ನ ಬಿಟ್ಟು ಇನ್ಯಾರ ಜೊತೆಗೂ ಅದು ಬರಲ್ಲ. ದಿನಾ ನೀನೇ ರಸ್ತೆಗೆ ಕರ್ಕೊಂಡು ಹೋದ್ರೆ ನಿನ್ನ ಹತ್ರಾನೇ ಇರಲಿ. ಇಲ್ಲಾಂದ್ರೆ ನಾನು ವಾಪಸ್ ಒಯ್ತೀನಿ."

ತುಂಬ ಹೊತ್ತಿನ ಮೇಲೆ ಮಗಳು ಚಪ್ಪಲಿ ಮೆಟ್ಟಿಕೊಂಡು ನಾಯಿಯ ಜೊತೆ ಹೊರಬಂದಳು. ಮೆಕ್ಯಾನಿಕ್ ಅಡುಗೆಮನೆಯ ಗೋಡೆಗೆ ಒರಗಿ ಹೆಜ್ಜೆ ಎಣಿಸಿದ. ಒಂದು ಮೆಟ್ಟಿಲು. ಎರಡು. ಅವಳು ಕಂಬಿಯನ್ನು ಬಿಡದೆ ಹಿಡಿದಿದ್ದಳು. ಆರನೆಯ ಮೆಟ್ಟಿಲಿನಿಂದ ಆ ತಿರುವು ಕಾಣುತ್ತದೆ. ಅಲ್ಲಿ ಅವಳ ಕಾಲು ನಿಂತಿತು. ಆದರೂ ಹಲ್ಲು ಕಚ್ಚಿ ಇನ್ನೊಂದು ಹೆಜ್ಜೆ ಇಡಹೋದಳು. ನಾಯಿ ಸರಕ್ಕನೆ ಅವಳ ಮುಂದೆ ಅಡ್ಡ ನಿಂತಿತು. ಖಾಲಿ ತಿರುವಿನ ಕಡೆ ನೋಡಿ ಗುರುಗುಟ್ಟುತ್ತಾ, ಬೆನ್ನಿನಿಂದ ಅವಳ ಮೊಣಕಾಲನ್ನು ಹಿಂದಕ್ಕೆ, ಮೇಲಕ್ಕೆ ತಳ್ಳತೊಡಗಿತು. "ಬಿಡೋ ಪುಟ್ಟ, ಬಿಡು," ಎಂದಳು. ಅದು ಬಿಡಲಿಲ್ಲ. ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು.

ನಾಯಿಗೆ ಬಾಯಿಕುಕ್ಕೆ ತೊಡಿಸಲು ಬೇರೆ ಯಾರಿಂದಲೂ ಆಗುವಂತಿರಲಿಲ್ಲ. ಮಗಳೇ ತೊಡಿಸಿದಳು. ಅದು ಸುಮ್ಮನೆ ಮುಖ ಒಡ್ಡಿತು. ಕುಕ್ಕೆಯ ಪಟ್ಟಿ ಬಿಗಿದು, ಕೂದಲು ಸಿಕ್ಕಿಕೊಳ್ಳದಂತೆ ಬೆರಳಿನಿಂದ ಬಿಡಿಸಿ, ಹಗ್ಗವನ್ನು ನಾಯಿ ಮೇಡಂ ಕೈಗೆ ಕೊಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದು ಮೂರೂ ಮಹಡಿ ಹೊರಳಿ ಹೊರಳಿ ನೋಡುತ್ತಾ ಇಳಿಯಿತು.

ತಿಂಗಳ ಮೇಲೆ ಮೆಕ್ಯಾನಿಕ್ ಹೋಗಿ ನೋಡಿ ಬಂದ. ಮುಂಗಾಲಿನ ಗಾಯ ಮಾಗಿ ಹೊಸ ಕೂದಲು ಬಂದಿತ್ತು. ಬೇಲಿಯೊಳಗೆ ಇನ್ನೆರಡು ನಾಯಿಗಳ ಜೊತೆ ಓಡುತ್ತಿತ್ತು. ಅವನು ಕರೆದಾಗ ತಲೆಯೆತ್ತಿ ನೋಡಿ, ಮತ್ತೆ ಓಡಿತು.

ಸಂಜೆ ಮನೆಯಲ್ಲಿ ತಟ್ಟೆ ಹಿಡಿದು ಕೋಣೆಯ ಮುಂದೆ ನಿಂತ. ಬಾಗಿಲು ಅರ್ಧ ತೆರೆದಿತ್ತು. ಈಗ ಅಡ್ಡ ಮಲಗಿದವರು ಯಾರೂ ಇರಲಿಲ್ಲ. ಆದರೂ ಹೊಸ್ತಿಲು ದಾಟಲು ಅವನಿಗೆ ಧೈರ್ಯ ಬರಲಿಲ್ಲ.

"ಹೇಗಿದೆ?" ಎಂದಳು ಒಳಗಿನಿಂದ.

"ಚೆನ್ನಾಗಿದೆಯಮ್ಮ. ಕಾಲು ವಾಸಿಯಾಗಿದೆ. ಓಡ್ತಿದೆ."

"ಓಡ್ತಿದೆಯಾ," ಎಂದಳು.

ಮತ್ತೇನಾದರೂ ಕೇಳುತ್ತಾಳೇನೋ ಎಂದು ಅವನು ಕಾದ. ಅವಳು ಗೋಡೆಯ ಕಡೆ ಮಗ್ಗಲು ಬದಲಿಸಿದ್ದು ಮಂಚದ ಸದ್ದಿನಿಂದ ತಿಳಿಯಿತು. ತಟ್ಟೆಯನ್ನು ನೆಲದ ಮೇಲಿಟ್ಟು, ಹೆಜ್ಜೆಯ ಸಪ್ಪಳವಾಗದಂತೆ ತುದಿಗಾಲಲ್ಲಿ ಅಡುಗೆಮನೆಗೆ ಹೋದ.